ಪಿಸಿಒಡಿ: ಬೈಗುಳ ಸಾಕು, ಪರೀಕ್ಷೆ ಬೇಕು

ಹಾಸ್ಟೆಲಿನಲ್ಲಿ ಯಾರಿಗಾದರೂ ಎರಡು ತಿಂಗಳು ಮುಟ್ಟು ತಪ್ಪಿದರೆ ಸಾಕು, ತೀರ್ಪು ಸಿದ್ಧ: ‘ಪಿಸಿಒಡಿನೇ ಇರ್ಬೇಕು. ರಾತ್ರಿಯೆಲ್ಲ ಮೊಬೈಲು, ಹೊತ್ತಲ್ಲದ ಹೊತ್ತಲ್ಲಿ ನೂಡಲ್ಸು, ಇನ್ನೇನಾಗತ್ತೆ?’ ಊರಿಗೆ ಹೋದರೆ ಅಲ್ಲೂ ಅದೇ ಮಾತು. ಜೊತೆಗೆ ‘ಮದುವೆ ಆದ್ರೆ ಎಲ್ಲ ಸರಿಹೋಗತ್ತೆ ಬಿಡು’ ಎಂಬ ಪುಕ್ಕಟೆ ಔಷಧಿ ಬೇರೆ!

ವೈದ್ಯರು ಪಿಸಿಒಎಸ್ ಎನ್ನುವ ಈ ಸಮಸ್ಯೆ ನನಗೂ ಇದೆ. ಬೈಯುವವರಿಗೆ ನಾನು ಹೇಳುವುದು ಇಷ್ಟೆ. ನೆದರ್ಲೆಂಡ್ಸ್‌ನ ಅವಳಿ ಸಹೋದರಿಯರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಇದು ಕೆಲವರಿಗೆ ಬಂದು ಕೆಲವರಿಗೆ ಬಾರದಿರುವುದರಲ್ಲಿ ವಂಶವಾಹಿಗಳ ಪಾಲು ಸುಮಾರು ಶೇ 70 ಎಂದು ಅದರ ಅಂದಾಜು. ತೂಕ ಏರಿದರೆ ತೊಂದರೆ ಹೆಚ್ಚುತ್ತದೆ, ಒಪ್ಪಿದೆ. ಆದರೆ ಕಡ್ಡಿಯಂತಿರುವವರಿಗೂ ಇದು ಬರುತ್ತದಲ್ಲ!

ಹಾಗಂತ ಜೀನ್ ಪರೀಕ್ಷೆಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಜಾಲಾಡಿದ 2018ರ ಅಧ್ಯಯನ, ನಂಟಿರುವ 14 ಜಾಗಗಳನ್ನು ಜೀನೋಮ್‌ನಲ್ಲಿ ಗುರುತಿಸಿತು. ಒಂದೊಂದರ ಪ್ರಭಾವವೂ ಚಿಕ್ಕದು. ಅವನ್ನು ನೋಡಿ ‘ನಿಮಗಿದೆ’ ಎಂದು ಖಚಿತವಾಗಿ ಹೇಳಲಾಗದು.

ಹಾಗಾದರೆ ಗೊತ್ತಾಗುವುದು ಹೇಗೆ? ಮುಟ್ಟಿನ ಏರುಪೇರು, ಆಂಡ್ರೊಜನ್ ಹಾರ್ಮೋನಿನ ಹೆಚ್ಚಳ, ಅದು ರಕ್ತದಲ್ಲಿ ಕಾಣಬಹುದು ಇಲ್ಲವೇ ಗಲ್ಲದ ಮೇಲಿನ ಕೂದಲಾಗಿ, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಕಾಣುವ ಕೋಶಕಗಳು. ಈ ಮೂರರಲ್ಲಿ ಎರಡಿರಬೇಕು, ಥೈರಾಯ್ಡ್‌ನಂಥ ಬೇರೆ ಕಾರಣ ಇರಬಾರದು. ಆ ‘ಗುಳ್ಳೆಗಳು’ ಗಡ್ಡೆಗಳಲ್ಲ, ಬೆಳವಣಿಗೆ ಅರ್ಧಕ್ಕೇ ನಿಂತ ಅಂಡಾಣುಗಳ ಚೀಲಗಳು. ಸ್ಕ್ಯಾನಿಂಗ್ ಬದಲು ಎಎಂಎಚ್ ಎಂಬ ಹಾರ್ಮೋನನ್ನು ರಕ್ತದಲ್ಲಿ ಅಳೆಯಬಹುದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಆದರೆ ಮೈನೆರೆದು ಎಂಟು ವರ್ಷ ಆಗುವವರೆಗೆ ಇವೆರಡನ್ನೂ ನೆಚ್ಚಬಾರದು, ಮೊದಲಿನ ಎರಡು ಲಕ್ಷಣಗಳೂ ಇರಲೇಬೇಕು ಎಂದೂ ಅದರಲ್ಲಿದೆ. ಹದಿಮೂರಕ್ಕೆ ಮೈನೆರೆದವಳಿಗೆ ಇಪ್ಪತ್ತೊಂದಾಗಬೇಕು! ಡಿಗ್ರಿ ಮೊದಲ ವರ್ಷದ ಹುಡುಗಿಯರು ಒಂದು ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ‘ನಂಗೆ ಮಕ್ಕಳಾಗಲ್ವಂತೆ’ ಎಂದು ಅಳುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಸಮಸ್ಯೆ ಖಚಿತವಾಗಿದ್ದರೂ ಚಿಕಿತ್ಸೆ ಇದೆ, ತಾಯಿಯಾದವರು ಬೇಕಾದಷ್ಟು ಮಂದಿ ಇದ್ದಾರೆ.

ನಾವು ಹೆದರಬೇಕಾದದ್ದಕ್ಕೆ ಹೆದರುತ್ತಿಲ್ಲ. ಇದರೊಂದಿಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದೂ ಸೇರಿಕೊಳ್ಳುವುದರಿಂದ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಹಾಗಾಗಿ ತೆಳ್ಳಗಿದ್ದರೂ, ವಯಸ್ಸು ಚಿಕ್ಕದಿದ್ದರೂ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆ ಬೇಕು. ಗಲ್ಲದ ಕೂದಲಿಗೆ ತಿಂಗಳು ತಿಂಗಳು ಪಾರ್ಲರಿಗೆ ದುಡ್ಡು ಕೊಡುವ ನಾವು ಈ ಪರೀಕ್ಷೆ ಎಂದರೆ ಮಾತ್ರ ‘ಇಷ್ಟು ಬೇಗ ಯಾಕೆ’ ಅನ್ನುತ್ತೇವೆ. ಮುಂದಿನ ರಜೆಗೆ ಊರಿಗೆ ಹೋದಾಗ ಅಮ್ಮ, ಚಿಕ್ಕಮ್ಮ, ಅತ್ತೆಯರನ್ನೂ ಕೇಳಿ ನೋಡಿ: ನಿಮಗೂ ಹೀಗೆ ತಿಂಗಳುಗಟ್ಟಲೆ ತಪ್ಪುತ್ತಿತ್ತಾ, ಮನೆಯಲ್ಲಿ ಯಾರಿಗೆಲ್ಲ ಶುಗರ್ ಇದೆ? ಡಾಕ್ಟರೂ ಇದನ್ನೇ ಕೇಳುತ್ತಾರೆ.