ಯಂತ್ರದ ಕಿವಿಯನ್ನು ಎಲ್ಲಿಡಬೇಕು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಸೀಮೆಯು ಹಾಡಿನ ಸೀಮೆ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬೈಲಹೊಂಗಲದ ಸಂಗ್ಯಾನ ಲಾವಣಿಯನ್ನೂ ಫ್ಲೀಟ್ ಸಾಹೇಬರು 1885ರ ಸುಮಾರಿಗೆ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದರು. ಶಬ್ದಗಳು ಉಳಿದವು, ಹಾಡಿದವರ ದನಿ ಉಳಿಯಲಿಲ್ಲ. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯಲ್ಲಿಯೂ ಧ್ವನಿಮುದ್ರಣದ ಯಂತ್ರವಿದೆ. ಆದರೂ ದನಿ ಉಳಿಯುತ್ತಿದೆಯೆಂದು ನಾನು ಒಪ್ಪಲಾರೆ.

ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ರಾಮದುರ್ಗದ ಕಡೆಯ ನನ್ನ ಆಯಿ ಬೀಸುವ ಹಾಡುಗಳನ್ನು ಬಲ್ಲವಳು. ಒಂದು ದಸರೆಯ ರಜೆಯಲ್ಲಿ ಫೋನನ್ನು ದೂರದ ಮಾಡದಲ್ಲಿಟ್ಟು, ಹಾಡೆಂದೆ. ಅವಳು ನಕ್ಕು, “ಯಪ್ಪಾ, ನನ್ನ ಬಾಯಿ ಇಲ್ಲೈತಿ, ನಿನ್ನ ಡಬ್ಬಿ ಅಲ್ಲ್ಯಾಕ ಇಟ್ಟಿ?” ಎಂದಳು. ನಾನು ಕಿವಿಗೊಡಲಿಲ್ಲ. ಮರುವರ್ಷ ಆಯಿ ತೀರಿಕೊಂಡಳು. ಆ ಮುದ್ರಣದಲ್ಲಿ ಪಕ್ಕದ ಮನೆಯ ಮಗ್ಗದ ಸಪ್ಪಳವಿದೆ, ಫ್ಯಾನಿನ ಗಾಳಿಯಿದೆ. ಆಯಿಯ ಹಾಡು ಮಾತ್ರ ಅರ್ಧಂಬರ್ಧ ಕೇಳುತ್ತದೆ.

ನಮ್ಮ ಕಿವಿ ಬೇಕಾದುದನ್ನು ಆರಿಸಿ ಕೇಳುತ್ತದೆ. ಮೈಕಿಗೆ ಆ ವಿವೇಕವಿಲ್ಲ. ಬಯಲಿನಲ್ಲಿ ಬಾಯಿಗೂ ಮೈಕಿಗೂ ಇರುವ ಅಂತರ ಇಮ್ಮಡಿಯಾದರೆ ದನಿಯ ಒತ್ತಡವು ಅರ್ಧಕ್ಕಿಳಿಯುತ್ತದೆ. ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ಆದುದರಿಂದ ಮೈಕಿನ ಬೆಲೆಗಿಂತ ಮೊದಲು ಅದನ್ನಿಡುವ ಸ್ಥಳವನ್ನು ವಿಚಾರಿಸತಕ್ಕದ್ದು.

ಇನ್ನು ಆಯ್ಕೆಯ ಮಾತು. ಡೈನಮಿಕ್ ಮೈಕಿನಲ್ಲಿ ತೆಳುವಾದ ಪೊರೆಯೊಂದಕ್ಕೆ ತಂತಿಯ ಸುರುಳಿ ಅಂಟಿರುತ್ತದೆ. ದನಿಗೆ ಪೊರೆ ನಡುಗಿದಾಗ ಸುರುಳಿಯು ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ತು ಹುಟ್ಟುತ್ತದೆ. ಇದಕ್ಕೆ ಹೊರಗಿನ ವಿದ್ಯುತ್ತು ಬೇಡ. ಪೆಟ್ಟು, ಧೂಳು ತಾಳುತ್ತದೆ. ಕಂಡೆನ್ಸರ್ ಮೈಕು ಸೂಕ್ಷ್ಮ ಸ್ವಭಾವದ್ದು. ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ತನ್ನು ಬೇಡುತ್ತದೆ, ಉಸಿರಿನ ಏರಿಳಿತವನ್ನೂ ಹಿಡಿಯುತ್ತದೆ, ದೂರದ ಸಪ್ಪಳವನ್ನೂ ಬಿಡದು. ಸದ್ದಿಲ್ಲದ ಕೋಣೆಯಲ್ಲಿ ಮುದುಕಿಯೊಬ್ಬಳು ಮೆಲ್ಲನೆ ಹಾಡುವಾಗ ಕಂಡೆನ್ಸರ್ ಯೋಗ್ಯ. ಕಿತ್ತೂರಿನ ಉತ್ಸವದಲ್ಲಿ ದಪ್ಪು, ತುಂತುಣಿಗಳೊಡನೆ ಗೀಗೀ ಮೇಳ ಏರುದನಿಯಲ್ಲಿ ಹಾಡುವಾಗಲೂ, ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಚೌಡಿಕೆಯ ಪದ ಕೇಳುವಾಗಲೂ ಡೈನಮಿಕ್ಕೇ ಮೇಲು. ಅದರಲ್ಲಿಯೂ ಮುಂದಿನ ದನಿಯನ್ನು ಹಿಡಿದು ಹಿಂದಿನದನ್ನು ಬಹುಮಟ್ಟಿಗೆ ಬಿಡುವ ಕಾರ್ಡಿಯಾಯ್ಡ್ ಜಾತಿಯದಿರಲಿ. ಬಾಯಿಂದ ಒಂದು ಗೇಣಿನಲ್ಲಿಟ್ಟು, ಬೆನ್ನನ್ನು ಧ್ವನಿವರ್ಧಕದ ಕಡೆಗೆ ತಿರುಗಿಸಿ, ಗಾಳಿಗೆ ಸ್ಪಂಜಿನ ಟೊಪ್ಪಿಗೆ ಹಾಕಿದರೆ ಸಾಕು.

ಬಹಳ ದುಡ್ಡು ಕೊಟ್ಟರೆ ಒಳ್ಳೆಯ ದನಿ ಬರುವುದೆಂಬ ಭ್ರಮೆ ನಮ್ಮಲ್ಲಿ ಅನೇಕರಿಗಿದೆ. ಗಟ್ಟಿಮುಟ್ಟಾದ ಒಂದು ಡೈನಮಿಕ್ ಮೈಕು, ಒಂದು ಸಣ್ಣ ಮುದ್ರಣಯಂತ್ರ, ಇಷ್ಟನ್ನು ಕಾಲೇಜಿನ ಕನ್ನಡ ವಿಭಾಗವು ಕೊಂಡು, ಗ್ರಂಥಾಲಯದ ಪುಸ್ತಕದಂತೆ ರಜೆಯಲ್ಲಿ ನಮಗೆ ಎರವಲು ಕೊಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ಮಿತ್ರರಲ್ಲಿಯೂ ಒಂದು ಮಾತು: ಮೈಕು ಬರುವವರೆಗೆ ಕಾಯಬೇಡಿರಿ. ಈ ರಜೆಯಲ್ಲಿಯೇ ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಕೈಯಲ್ಲಿರುವ ಫೋನನ್ನೇ ನಿಮ್ಮ ಅಜ್ಜಿಯ ಹತ್ತಿರ ಇಡಿರಿ. ನನಗೆ ಆ ಅವಕಾಶ ಮತ್ತೆ ಬಾರದು, ನಿಮಗಿನ್ನೂ ಇದೆ.