ಡಾಕ್ಟ್ರ ಮೈಕಿಗೆ ದುಡ್ಡು ಕೊಡೋರು ಯಾರು?

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ರಿಲೀಸು, ಬಗ್ಗು, ರಾತ್ರಿ ಹತ್ತು ಗಂಟೆಯ ಮೀಟಿಂಗು ಅಂತ ಬರೆಯೋಕೇ ಆಗಿರಲಿಲ್ಲ. ಇವತ್ತು ಮಾತ್ರ ಬರೆಯದೇ ಇದ್ರೆ ನಿದ್ದೆ ಬರೋ ಹಾಗಿಲ್ಲ. ಸ್ವಲ್ಪ ಉದ್ದ ಆಗಬಹುದು, ಸಹಿಸ್ಕೊಳ್ಳಿ.

ಹೋದ ಭಾನುವಾರ ಊರಲ್ಲಿ ಚಿಕ್ಕಪ್ಪನ ಮನೆ ಗೃಹಪ್ರವೇಶ. ಊಟ ಮುಗಿಸಿ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ವಿ. ದೊಡ್ಡಪ್ಪನ ಮಗ ಪಕ್ಕ ಬಂದು ಕೂತ. ನಮ್ಮ ಮನೆತನದಲ್ಲೇ ಮೊದಲ ಡಾಕ್ಟ್ರು ಅವನು. ಎಂಡಿ ಮಾಡಿಕೊಂಡು ಹೆಚ್ಚಾಗಿ ಸಕ್ಕರೆ ಕಾಯಿಲೆಯವರನ್ನೇ ನೋಡ್ತಾನೆ. ಮಾತು ಸಂಬಳ, ಸಾಲ, ಸೈಟು ಅಂತ ಸುತ್ತಿ ಬಂದು ಕೊನೆಗೆ ಅಣ್ಣ ಅಂದ, “ಪ್ರಾಕ್ಟೀಸ್ ಜೊತೆಗೆ ಈಗ ಭಾಷಣದಲ್ಲೂ ಸ್ವಲ್ಪ ಬರುತ್ತೆ ಕಣೋ. ಹೋಟೆಲಲ್ಲಿ ಮೂವತ್ತು ನಲವತ್ತು ಜನ ಡಾಕ್ಟ್ರು ಸೇರ್ತಾರೆ, ಮುಕ್ಕಾಲು ಗಂಟೆ ಮಾತಾಡೋದು, ಆಮೇಲೆ ಊಟ. ಒಂದು ಸಂಜೆಗೆ ಹದಿನೈದು ಸಾವಿರ.”

ಯಾರು ಕೊಡ್ತಾರೆ ಅಂದೆ. ಔಷಧಿ ಕಂಪನಿ ಅಂದ. ಸ್ಲೈಡು ಯಾರು ಮಾಡ್ತಾರೆ ಅಂದೆ. “ಅವರೇ ಕಳಿಸ್ತಾರೆ, ನಾನು ಒಂದೆರಡು ಆಚೆ ಈಚೆ ಮಾಡ್ಕೋತೀನಿ” ಅಂದ. ನನ್ನ ಬಾಯಿ ಸುಮ್ಮನಿರಬೇಕಲ್ಲ, “ನಮ್ಮಮ್ಮನಿಗೆ ಬರ್ಕೊಟ್ಟಿದ್ದೀಯಲ್ಲ ಹೊಸಾ ಮಾತ್ರೆ, ಅದೂ ಅದೇ ಕಂಪನೀದಾ?” ಅಂತ ಕೇಳಿಬಿಟ್ಟೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ಒಳ್ಳೇ ಮಾತ್ರೆ ಕಣೋ ಅದು” ಅಂದ.

ಒಳ್ಳೇ ಮಾತ್ರೇನೇ ಇರಬಹುದು. ಅಮ್ಮನ ಶುಗರ್ ಹತೋಟಿಗೆ ಬಂದಿದೆ, ಸುಳ್ಳು ಹೇಳಲ್ಲ. ನನ್ನ ತಕರಾರು ಮಾತ್ರೆ ಬಗ್ಗೆ ಅಲ್ಲವೇ ಅಲ್ಲ. ಅದು ನಿಜಕ್ಕೂ ಒಳ್ಳೆಯದು ಅಂತ ಬರೆದನೋ, ಹದಿನೈದು ಸಾವಿರ ಒಳ್ಳೆಯದು ಅಂತ ಬರೆದನೋ ಅನ್ನೋದು ನನಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ಅಣ್ಣನಿಗಾದರೂ ಗೊತ್ತಿದೆಯಾ ಅನ್ನೋದೇ ನನ್ನ ಅನುಮಾನ.

ಅನುಮಾನಕ್ಕೆ ಕಾರಣ ಇದೆ. ಡೇನಿಯಲ್ ಕಾರ್ಲಟ್ ಅಂತ ಅಮೆರಿಕದ ಒಬ್ಬ ಮನೋವೈದ್ಯರು 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ ತಮ್ಮದೇ ಕಥೆ ಬರೆದರು. ವೈಯತ್ ಕಂಪನಿಯವರು ಇವರನ್ನ ಖಿನ್ನತೆಯ ಮಾತ್ರೆ ಎಫೆಕ್ಸರ್ ಬಗ್ಗೆ ಮಾತಾಡೋಕೆ ಕರೆದರು. ಬೇರೆ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಊಟದ ಹೊತ್ತಿಗೆ ಒಂದು ಗಂಟೆ ಮಾತಾಡಿದರೆ 500 ಡಾಲರ್, ಗಾಡಿ ಓಡಿಸಿಕೊಂಡು ಸ್ವಲ್ಪ ದೂರ ಹೋದರೆ 750. ಒಂದು ವರ್ಷಕ್ಕೆ ಸುಮಾರು 30,000 ಡಾಲರ್ ಬಂತಂತೆ. ಮನುಷ್ಯ ಕಳ್ಳ ಅಲ್ಲ. ಹೇಳಿದ್ದರಲ್ಲಿ ಪೂರ್ತಿ ಸುಳ್ಳು ಅನ್ನೋದೂ ಇರಲಿಲ್ಲ. ಆದರೆ ಆ ಮಾತ್ರೆಯಿಂದ ಬಿಪಿ ಏರೋ ವಿಷಯ ಬಂದಾಗ ಮಾತು ತಾನಾಗೇ ತೇಲಿಸುತ್ತಿತ್ತು. ಒಂದು ದಿನ ಅದರ ಲಾಭ ಎಷ್ಟೋ ಅಷ್ಟೇ ಅಂತ ಅಳೆದು ಮಾತಾಡಿದರು. ಆಮೇಲೆ ಕಂಪನಿಯ ಮ್ಯಾನೇಜರು ಬಂದು ನಯವಾಗಿ ವಿಚಾರಿಸಿದ: ಈ ಸಲ ನಿಮ್ಮಲ್ಲಿ ಆ ಹುರುಪು ಕಾಣಲಿಲ್ಲವಂತೆ, ಹುಷಾರಿಲ್ವಾ? ಕಾರ್ಲಟ್ ಆ ಕೆಲಸ ಬಿಟ್ಟರು.

ಬೈಗುಳ ಇಲ್ಲ, ಬೆದರಿಕೆ ಇಲ್ಲ. ಹುಷಾರಿಲ್ವಾ ಅಂತ ಅಷ್ಟೇ. ನಮ್ಮ ಅಪ್ರೈಸಲ್‌ನಲ್ಲೂ ಹೀಗೇ ಕೇಳ್ತಾರೆ ನೋಡಿ :)

ಇದು ಸಭ್ಯರ ಕಥೆ ಆಯ್ತು. ಇನ್‌ಸಿಸ್ ಅಂತ ಇನ್ನೊಂದು ಅಮೆರಿಕನ್ ಕಂಪನಿ, ಕ್ಯಾನ್ಸರ್ ನೋವಿಗೆ ಫೆಂಟನಿಲ್ ಸ್ಪ್ರೇ ಮಾರ್ತಿತ್ತು. ಯಾರು ಜಾಸ್ತಿ ಬರೀತಾರೋ ಅವರಿಗೆ ಭಾಷಣದ ಹೆಸರಲ್ಲಿ ದುಡ್ಡು ಕೊಡ್ತಿದ್ರು. ಎಷ್ಟೋ ಕಡೆ ಭಾಷಣ ಅನ್ನೋದು ಹೆಸರಿಗೆ ಮಾತ್ರ, ಊಟ ಅಷ್ಟೇ ನಿಜ. ಅದರ ಸ್ಥಾಪಕ ಜಾನ್ ಕಪೂರ್‌ಗೆ 2020ರ ಜನವರಿಯಲ್ಲಿ ಐದೂವರೆ ವರ್ಷ ಜೈಲಾಯ್ತು. ಅದೇ ವರ್ಷ ಜುಲೈನಲ್ಲಿ ನೊವಾರ್ಟಿಸ್ ಇಂಥದ್ದೇ ಕೇಸು ಮುಗಿಸಿಕೊಳ್ಳೋಕೆ 67.8 ಕೋಟಿ ಡಾಲರ್ ಕಟ್ಟಿತು. ಅದರಲ್ಲಿ ಬಿಪಿ ಮಾತ್ರೆನೂ ಇತ್ತು, ಸಕ್ಕರೆ ಕಾಯಿಲೆ ಮಾತ್ರೆನೂ ಇತ್ತು. ನವೆಂಬರ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ತನಿಖಾ ವಿಭಾಗ ಈ ‘ಸ್ಪೀಕರ್ ಪ್ರೋಗ್ರಾಂ’ಗಳ ಬಗ್ಗೇನೇ ಒಂದು ಎಚ್ಚರಿಕೆ ಹೊರಡಿಸಿತು. ಅದರ ಪ್ರಕಾರ ಅದಕ್ಕೂ ಹಿಂದಿನ ಮೂರು ವರ್ಷದಲ್ಲಿ ಕಂಪನಿಗಳು ಭಾಷಣಕ್ಕೆ ಅಂತ ಕೊಟ್ಟಿದ್ದು ಸುಮಾರು 200 ಕೋಟಿ ಡಾಲರ್! ಇಷ್ಟು ದುಡ್ಡು ಯಾವ ಕಂಪನೀನೂ ಜ್ಞಾನದಾನಕ್ಕೆ ಸುರಿಯಲ್ಲ.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ಕಾನೂನೇ ಇಲ್ಲ ಅನ್ನಬೇಡಿ. 2009ರ ಡಿಸೆಂಬರ್‌ನಲ್ಲೇ ವೈದ್ಯಕೀಯ ಮಂಡಳಿಯವರು ಕಂಪನಿಗಳಿಂದ ಡಾಕ್ಟ್ರುಗಳು ಉಡುಗೊರೆ, ಪ್ರಯಾಣ, ವಸತಿ ತಗೋಬಾರದು ಅಂತ ನಿಯಮ ಮಾಡಿದರು. ಆದರೆ ಸಮ್ಮೇಳನದ ಪ್ರಯಾಣದ ವಿಷಯಕ್ಕೆ ಬಂದಾಗ ‘ಡೆಲಿಗೇಟ್ ಆಗಿ’ ಹೋಗೋಕೆ ತಗೋಬಾರದು ಅಂತ ಒಂದು ಪದ ಸೇರಿಸಿದರು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಹೊಸ ಮಾರ್ಕೆಟಿಂಗ್ ಸಂಹಿತೆ ತಂತು. ಅದರಲ್ಲೂ ಡಾಕ್ಟ್ರುಗಳಿಗೆ ಪ್ರಯಾಣ, ವಸತಿ ಕೊಡಬಾರದು, ಆದರೆ ಅವರು ಆ ಕಾರ್ಯಕ್ರಮದ ಭಾಷಣಕಾರರಾಗಿದ್ದರೆ ಪರವಾಗಿಲ್ಲ ಅಂತ ಇದೆ.

ಕೋಡ್ ಬರೆಯೋರಿಗೆ ಇದು ಥಟ್ಟಂತ ಅರ್ಥ ಆಗುತ್ತೆ. ಎಲ್ಲಾ ಬಾಗಿಲು ಹಾಕಿ ಒಂದೇ ಒಂದು ಕಂಡೀಶನ್ ತೆರೆದಿಟ್ಟರೆ ಎಲ್ಲರೂ ನುಗ್ಗೋದು ಅಲ್ಲಿಂದಲೇ. ನೆರೆದವರಲ್ಲಿ ಕೂತು ಕೇಳೋನು ಟಿಕೆಟ್ ತಗೊಂಡ್ರೆ ತಪ್ಪು. ಅವನ ಕೈಗೇ ಐದು ನಿಮಿಷ ಮೈಕು ಕೊಟ್ಟುಬಿಟ್ರೆ ಸರಿ!

ಈ ದುಡ್ಡೆಲ್ಲ ಕಂಪನಿ ಜೇಬಿಂದ ಹೋಗುತ್ತೆ, ನಮಗೇನು ಅನ್ನೋರಿಗೆ 2022ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪು ಇದೆ, ಅಪೆಕ್ಸ್ ಲ್ಯಾಬೊರೇಟರೀಸ್ ಕೇಸಿಂದು. ಡಾಕ್ಟರಿಗೆ ಕೊಟ್ಟ ಪುಕ್ಕಟೆ ಉಡುಗೊರೆಗಳನ್ನ ಖರ್ಚು ಅಂತ ತೋರಿಸಿ ತೆರಿಗೆ ಉಳಿಸೋ ಹಾಗಿಲ್ಲ ಅಂತ ತೀರ್ಪು ಬಂತು. ಇವು ಪುಕ್ಕಟೆಯೇ ಅಲ್ಲ, ಅದರ ಖರ್ಚು ಔಷಧಿಯ ಬೆಲೆಯಲ್ಲೇ ಸೇರಿ ಬರುತ್ತೆ ಅಂತ ನ್ಯಾಯಾಲಯವೇ ಹೇಳಿತು. ಹೋಟೆಲಿನ ಆ ಊಟದ ಬಿಲ್ಲು ಹರಿದು ಹಂಚಿ ಅಮ್ಮನ ಮಾತ್ರೆಯ ಸ್ಟ್ರಿಪ್ಪಿಗೆ ಬಂದಿರುತ್ತೆ.

ಇನ್ನೊಂದು ವಿಷಯ. ಸಿಟಾಗ್ಲಿಪ್ಟಿನ್ ಅನ್ನೋ ಸಕ್ಕರೆ ಕಾಯಿಲೆ ಮಾತ್ರೆಯ ಪೇಟೆಂಟ್ ನಮ್ಮಲ್ಲಿ 2022ರ ಜುಲೈನಲ್ಲಿ ಮುಗೀತು. ಕೂಡಲೇ ಹತ್ತಾರು ಕಂಪನಿಗಳು ತಮ್ಮ ತಮ್ಮ ಹೆಸರಿಟ್ಟು ಅದನ್ನೇ ಮಾರೋಕೆ ಶುರು ಮಾಡಿದವು. ಒಳಗಿರೋದು ಒಂದೇ ಔಷಧಿ. ಹಾಗಿದ್ದಾಗ ನನ್ನ ಹೆಸರಿನ ಮಾತ್ರೇನೇ ಯಾಕೆ ಬರೀಬೇಕು? ರೋಗಿ ಅಂಗಡಿಗೆ ಹೋಗಿ ಸೋಪು ಆರಿಸೋ ಹಾಗೆ ಆರಿಸಲ್ಲ, ಚೀಟಿಯಲ್ಲಿ ಏನಿದೆಯೋ ಅದನ್ನೇ ಕೇಳ್ತಾನೆ. ಹಾಗಾಗಿ ಕಂಪನಿಗಳ ಪೈಪೋಟಿ ಪೂರಾ ಡಾಕ್ಟರ ಪೆನ್ನಿನ ಮೇಲೆ. ಪೆನ್ನಿಗೆ ದುಡ್ಡು ಕೊಟ್ಟರೆ ಲಂಚ ಅಂತಾರೆ, ಬಾಯಿಗೆ ಕೊಟ್ಟರೆ ಗೌರವಧನ ಅಂತಾರೆ.

ಅಣ್ಣ ಸುಮ್ಮನೆ ಬಿಡ್ತಾನಾ, “ನೀನೂ ಕಾನ್ಫರೆನ್ಸುಗಳಲ್ಲಿ ಮಾತಾಡ್ತೀಯಲ್ಲ, ಅಲ್ಲೇನು ಕಂಪನಿಗಳ ಬ್ಯಾನರ್ ಇರಲ್ವಾ?” ಅಂದ. ಇರುತ್ತೆ. ಟೀ ಶರ್ಟೂ ಕೊಡ್ತಾರೆ, ಮನೆಯಲ್ಲಿ ಒರೆಸೋ ಬಟ್ಟೆಗೆ ಬರ ಇಲ್ಲ. ಆದರೆ ನನ್ನ ಮಾತು ಕೇಳಿ ಯಾರೋ ಒಂದು ಡೇಟಾಬೇಸ್ ಕೊಂಡರೆ ದುಡ್ಡು ಅವರ ಕಂಪನೀದು, ತಲೆನೋವೂ ಅವರದ್ದೇ. ಅಣ್ಣನ ಹೋಟೆಲಿನ ಆ ಹಾಲಿನಲ್ಲಿ ದುಡ್ಡು ಕೊಡೋ ಅಮ್ಮನೂ ಇಲ್ಲ, ಮಾತ್ರೆ ನುಂಗೋ ಅಮ್ಮನೂ ಇಲ್ಲ.

ಹಾಗಂತ ಡಾಕ್ಟ್ರು ಬಾಯಿ ಮುಚ್ಕೊಂಡಿರಲಿ ಅಂತಲ್ಲ. ಅನುಪಮಾ ನಿರಂಜನ ಅವರು ‘ತಾಯಿ-ಮಗು’ ಬರೆಯದೇ ಇದ್ದಿದ್ದರೆ ನಮ್ಮ ಅಜ್ಜಿ, ಅಮ್ಮಂದಿರ ಕಾಲದವರಿಗೆ ಬಸಿರು ಬಾಣಂತನದ ಬಗ್ಗೆ ಕನ್ನಡದಲ್ಲಿ ನೆಟ್ಟಗೆ ಹೇಳೋರು ಎಷ್ಟು ಜನ ಇದ್ರು? ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದು, ಮಾತಾಡಿ ಎಷ್ಟು ಮನೆಗಳ ಭಯ ಬಿಡಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನಗಂತೂ ನಮ್ಮ ಮನೆಯವರಿಗೇ ಬಂದಷ್ಟು ಖುಷಿ ಆಗಿತ್ತು. ಕಾಲೇಜಿನವರು, ಸಂಘದವರು, ಪ್ರಕಾಶಕರು, ಟಿಕೆಟ್ ತಗೊಂಡು ಬರೋ ಜನ, ಹೀಗೆ ಕೇಳೋರು ದುಡ್ಡು ಕೊಡಲಿ, ಡಾಕ್ಟ್ರು ಧಾರಾಳವಾಗಿ ತಗೊಳ್ಳಲಿ. ಹದಿನೈದು ಸಾವಿರ ಯಾಕೆ, ಐವತ್ತು ತಗೊಳ್ಳಲಿ. ಅಷ್ಟು ಓದಿದ್ದಾರೆ, ಪುಕ್ಕಟೆ ಮಾತಾಡಿ ಅನ್ನೋಕೆ ನಾವ್ಯಾರು?

ಔಷಧಿ ಕಂಪನಿಯಿಂದಲೇ ತಗೋಬೇಕು ಅಂದ್ರೆ ಬರೆದಿಟ್ಟು ತಗೊಳ್ಳಿ. ಅಮೆರಿಕದಲ್ಲಿ 2010ರಲ್ಲಿ ಕಾನೂನು ಮಾಡಿ, 2014ರಿಂದ ಓಪನ್ ಪೇಮೆಂಟ್ಸ್ ಅಂತ ಸರ್ಕಾರವೇ ಪಟ್ಟಿ ಹಾಕ್ತಿದೆ. ಡಾಕ್ಟರ ಹೆಸರು ಹಾಕಿದರೆ ಯಾವ ಕಂಪನಿ, ಯಾವುದಕ್ಕೆ, ಎಷ್ಟು ಡಾಲರ್ ಅಂತ ಬರುತ್ತೆ, ಊಟದ ಲೆಕ್ಕವೂ ಸಿಗುತ್ತೆ. ಒಂದಿಡೀ ರಾತ್ರಿ ಆ ಡೇಟಾ ಇಳಿಸ್ಕೊಂಡು ಆಟ ಆಡಿದೆ. ಅಲ್ಲಿರೋ ನಮ್ಮೂರ ಕಡೆಯ ಒಬ್ಬ ಡಾಕ್ಟರ ಹೆಸರೂ ಸಿಕ್ತು, ಒಂದು ಊಟಕ್ಕೆ ಹದಿನೆಂಟು ಡಾಲರ್, ಪಾಪ. ನಮ್ಮಲ್ಲಿ ಹೀಗೆ ಡಾಕ್ಟರ ಹೆಸರು ಹಿಡಿದು ಹುಡುಕೋ ಪಟ್ಟಿ ಇಲ್ಲ. ಕೋಟಿಗಟ್ಟಲೆ ಜನರ ಆಧಾರ್, ಯುಪಿಐ ನಿಭಾಯಿಸೋ ದೇಶಕ್ಕೆ ಇದೊಂದು ಟೇಬಲ್ ಮಾಡೋದು ಕಷ್ಟ ಅಂತ ನನಗೆ ಯಾರೂ ಹೇಳಬೇಡಿ.

ವಾಪಸ್ ಬರೋವಾಗ ಬಸ್ಸಲ್ಲಿ ಅಮ್ಮನಿಗೆ ಇದೆಲ್ಲ ಹೇಳಿದೆ. ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಅಂಗಡಿಯಲ್ಲಿ ವಿಚಾರಿಸೋಣ, ಅಣ್ಣನನ್ನ ಕೇಳದೆ ಬದಲಾಯಿಸೋದು ಬೇಡ, ಕೇಳಿಯೇ ಮಾಡೋಣ ಅಂದೆ. ಅಮ್ಮನಿಗೆ ಸಿಟ್ಟು ಬಂತು. “ಅವನು ನಮ್ಮನೆ ಹುಡುಗ. ಅವನ ಹತ್ರ ಹಾಗೆಲ್ಲ ಕೇಳ್ತಾರೇನೋ? ನಾಳೆ ನನಗೆ ರಾತ್ರಿ ಹೊತ್ತು ಏನಾದ್ರೂ ಆದ್ರೆ ನೀನಾ ಬರೋನು ಬೆಂಗಳೂರಿಂದ?” ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಚೀಟಿ ಇನ್ನೂ ಹಾಗೇ ಇದೆ.

ಅಣ್ಣನೂ ಈ ಬ್ಲಾಗ್ ಓದ್ತಾನೆ. ಗೊತ್ತಿದ್ದೇ ಬರೆದಿದ್ದೀನಿ. ಅಣ್ಣಾ, ಬೈಯೋದಿದ್ರೆ ಫೋನಲ್ಲಿ ಬೇಡ, ಇಲ್ಲೇ ಕೆಳಗೆ ಬರಿ, ನಾಲ್ಕು ಜನ ಓದ್ಲಿ. ಉಳಿದವರೂ ಅಷ್ಟೇ, ನಿಮ್ಮ ಮನೆ ಡಾಕ್ಟರನ್ನ ಕೇಳಿ ನೋಡಿ, ಏನಂದ್ರು ಅಂತ ತಿಳಿಸಿ.