ಬೆರಳು ಓದುವ ಯಂತ್ರಕ್ಕೆ ಹಣ ಯಾರದು?

ಕಣ್ಣು ಕಾಣದ ಮಗುವಿಗೆ ಹೇಳಿ ಕಲಿಸಬಹುದು, ಕಿವಿ ಕೇಳದ ಮಗುವಿಗೆ ತೋರಿಸಿ ಕಲಿಸಬಹುದು. ಎರಡೂ ಇಲ್ಲದ ಮಗುವಿಗೆ? ಅಂಥದಕ್ಕೆ ಶಾಲೆ ಏತಕ್ಕೆ ಎಂದು ಕೈಚೆಲ್ಲುವವರು ಇಂದಿಗೂ ಇದ್ದಾರೆ. ಆ ಮಗುವಿಗೆ ಹತ್ತು ಬೆರಳಿವೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಬ್ರೈಲ್ ಲಿಪಿಯ ಆರು ಚುಕ್ಕೆಗಳು ಹೊಸವೇನೂ ಅಲ್ಲ. ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಹೊಂದುವ ಭಾರತಿ ಬ್ರೈಲ್ 1951ರಲ್ಲೇ ಬಂದಿತು. ಈಗಿನ ಯಂತ್ರಕ್ಕೆ ಕಾಗದ ಬೇಡ. ಸಾಲಾಗಿ ಜೋಡಿಸಿದ ಸಣ್ಣ ಮೊಳೆಗಳು ವಿದ್ಯುತ್ತಿನಿಂದ ಏಳುತ್ತವೆ, ಇಳಿಯುತ್ತವೆ. ಅದನ್ನು ಮೊಬೈಲಿಗೆ ಜೋಡಿಸಿದರೆ ಮೇಷ್ಟ್ರು ಟೈಪು ಮಾಡಿದ ಮಾತು ವಿದ್ಯಾರ್ಥಿಯ ಬೆರಳಿಗೆ ತಾಗುತ್ತದೆ. ಅವನು ಕೀಲಿ ಒತ್ತಿ ಕೊಟ್ಟ ಉತ್ತರ ಅವರ ಫೋನಿನಲ್ಲಿ ಅಕ್ಷರವಾಗಿ ಮೂಡುತ್ತದೆ. ಬ್ರೈಲ್ ಬಾರದ ಗೆಳೆಯನೊಡನೆಯೂ ಹರಟೆ ಹೊಡೆಯಬಹುದು. ಆದರೆ ಬೆಲೆಯೋ, ಮಿಲ್ ಕಾರ್ಮಿಕನ ಹಲವು ತಿಂಗಳ ಸಂಬಳ. ಯಂತ್ರಕ್ಕಿಂತ ಮುಂಚೆ, ಮಗುವಿನ ಅಂಗೈಯಲ್ಲಿ ಸನ್ನೆ ಮಾಡಿ ಭಾಷೆ ಕಲಿಸುವ ಶಿಕ್ಷಕರೂ ಬೇಕು. ಯಂತ್ರ ಹಂಚಿ ಫೋಟೋ ತೆಗೆಸಿಕೊಳ್ಳುವ ಸಮಾರಂಭಗಳಿಂದ ಈ ಕೆಲಸ ಆಗದು.

1995ರ ಅಂಗವಿಕಲರ ಕಾಯಿದೆಯ ಏಳು ವಿಧಗಳಲ್ಲಿ ಇವರಿಗೆ ಪ್ರತ್ಯೇಕ ಹೆಸರೇ ಇರಲಿಲ್ಲ. 2016ರ ಕಾಯಿದೆ ಹೆಸರು ಹಿಡಿದು ಸೇರಿಸಿತು. ತೀವ್ರ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಸಾಧನಗಳನ್ನು ಉಚಿತವಾಗಿ ಕೊಡತಕ್ಕದ್ದೆಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! 2017ರಲ್ಲಿ ಜಿ.ಎಸ್.ಟಿ. ಬಂದಾಗ ಬ್ರೈಲ್ ಟೈಪ್‌ರೈಟರಿಗೂ ಶೇ. 5 ತೆರಿಗೆ ಬಿತ್ತು. ತಯಾರಕರು ಕಚ್ಚಾ ಸಾಮಗ್ರಿಗೆ ಕಟ್ಟಿದ ತೆರಿಗೆ ವಾಪಸು ಪಡೆಯಲು ಇದು ಬೇಕೆಂದು ಸರ್ಕಾರ ವಾದಿಸಿತು. ವ್ಯಾಪಾರಿ ಬಂಧುಗಳಿಗೆ ಈ ಲೆಕ್ಕ ಗೊತ್ತು. ಕಡೆಗೆ ಆ ಐದು ರೂಪಾಯಿ ಹೋದದ್ದು ಕಣ್ಣಿಲ್ಲದವನ ಜೇಬಿನಿಂದಲೇ.

ಬಂಡವಾಳಗಾರರ ಸ್ವರ್ಗವಾದ ಅಮೆರಿಕದಲ್ಲಿ ಕೂಡ 2010ರ ಕಾಯಿದೆಯೊಂದು ದೂರಸಂಪರ್ಕ ಕಂಪನಿಗಳ ವಂತಿಗೆಯ ನಿಧಿಯಿಂದ ವರ್ಷಕ್ಕೆ 1 ಕೋಟಿ ಡಾಲರ್‌ವರೆಗೆ ತೆಗೆದಿರಿಸಿತು. ಕಣ್ಣು ಕಿವಿ ಎರಡರ ತೊಂದರೆಯೂ ಇರುವ ಬಡವರಿಗೆ ಆ ಹಣದಿಂದ ಸಂಪರ್ಕ ಸಾಧನ ಬಂತು, ಅದನ್ನು ಬಳಸುವ ತರಬೇತಿಯೂ ಬಂತು. ಅಂಥ ನಿಧಿ ನಮ್ಮಲ್ಲಿಯೂ ಇದೆ. ಫೋನ್ ಕಂಪನಿಗಳ ಆದಾಯದಿಂದ ಶೇ. 5 ಎತ್ತಿ ಕಟ್ಟಿದ್ದು ಅದು. ನಾವು ರೀಚಾರ್ಜಿಗೆ ಕೊಟ್ಟ ಹಣವೇ ಅನ್ನಿ. 2023ರ ದೂರಸಂಪರ್ಕ ಕಾಯಿದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿತು. 2024ರ ನಿಯಮಗಳಲ್ಲಿ ಅಂಗವಿಕಲರ ಹೆಸರೂ ಇದೆ.

ಹಾಗಿದ್ದಮೇಲೆ ಈ ನಿಧಿಯಲ್ಲಿ ಒಂದು ಪಾಲನ್ನು ಈ ವಿದ್ಯಾರ್ಥಿಗಳ ಯಂತ್ರಕ್ಕೂ ಕಲಿಸುವವರ ಸಂಬಳಕ್ಕೂ ಮೀಸಲಿಡಲು ಅಡ್ಡಿ ಏನು? ನಮ್ಮ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಲೆಂದು ಆಗ್ರಹಿಸುತ್ತೇವೆ. ಇಂಥ ಮಗುವಿರುವ ಮನೆಯವರು ಸಂಕೋಚ ಬಿಟ್ಟು ನಮ್ಮ ಕಚೇರಿಗೆ ಬರಲಿ. 2016ರ ಕಾಯಿದೆಯ ಪ್ರಕಾರ ಸಾಧನ ಕೇಳುವ ಅರ್ಜಿಯನ್ನು ನಾವೇ ಬರೆದುಕೊಡುತ್ತೇವೆ.